ಫೈನಲ್ ಇಯರ್ ಪ್ರಾಜೆಕ್ಟಿಗೆ ಪೇಪರ್ ಕಡ್ಡಾಯ ಅಂತಾರೆ. ದುಡ್ಡು ಕಟ್ಟಿ ಹಾಕಿಸೋದಾ, ಕಾದು ಸರಿಯಾಗಿ ಬರೆಯೋದಾ?

ತೋಟದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಇನ್ಫರ್ಮೇಶನ್ ಸೈನ್ಸ್, 7ನೇ ಸೆಮ್. ವಿಟಿಯು ಅಡಿ ಬರುವ ಒಂದು ಖಾಸಗಿ ಕಾಲೇಜು. ಊರು ತೀರ್ಥಹಳ್ಳಿ ಕಡೆ. ನಾಲ್ಕು ಜನ ಸೇರಿ ಅಡಿಕೆ ಎಲೆಚುಕ್ಕಿ ರೋಗದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಫೋನಿನಲ್ಲಿ ತೆಗೆದ ಫೋಟೋ ನೋಡಿ ರೋಗ ಇದೆಯೋ ಇಲ್ಲವೋ ಹೇಳುವ ಮಾಡೆಲ್. ಫೋಟೋಗಳು ನೆಟ್‌ನಿಂದ ಇಳಿಸಿಕೊಂಡದ್ದಲ್ಲ. ನಮ್ಮ ತೋಟ, ಪಕ್ಕದ ಮನೆಯವರ ತೋಟ, ಮಾವನ ತೋಟ ಸುತ್ತಿ ನಾವೇ ತೆಗೆದದ್ದು. ದೋಟಿ ತುದಿಗೆ ಫೋನ್ ಕಟ್ಟಿ ತೆಗೆದದ್ದೂ ಇದೆ.

ಈಗ ಡಿಪಾರ್ಟ್‌ಮೆಂಟಿನಲ್ಲಿ ಹೇಳುತ್ತಿದ್ದಾರೆ, ವೈವಾಕ್ಕೆ ಮೊದಲು ಪ್ರತಿ ಟೀಮೂ ‘ಇಂಟರ್‌ನ್ಯಾಷನಲ್ ಜರ್ನಲ್’ ಪೇಪರ್ ತೋರಿಸಲೇಬೇಕು ಅಂತ. ಜರ್ನಲ್ ಹೆಸರನ್ನೂ ಅವರೇ ಕೊಟ್ಟಿದ್ದಾರೆ. ದುಡ್ಡು ಕಟ್ಟಿದರೆ ಮೂರೇ ದಿನದಲ್ಲಿ ಪ್ರಕಟಣೆ, ನಾಲ್ಕೂ ಜನಕ್ಕೆ ಸರ್ಟಿಫಿಕೇಟ್. ಸೀನಿಯರ್‌ಗಳೆಲ್ಲ ಹಾಗೇ ಮಾಡಿದ್ದಾರೆ.

ನಮಗೆ ಮನಸ್ಸು ಒಪ್ಪುತ್ತಿಲ್ಲ. ಈ ಫೋಟೋಗಳಿಗೆ ಒಂದು ಮಳೆಗಾಲ ಪೂರ್ತಿ ಓಡಾಡಿದ್ದೇವೆ. ಇದನ್ನು ಮೂರು ದಿನದ ಜರ್ನಲ್‌ಗೆ ಕೊಟ್ಟರೆ ಮುಂದೆ ಬೇರೆ ಕಡೆ ಕಳಿಸಬಹುದಾ? ಬಿಇ ಹುಡುಗರು ಬರೆದದ್ದನ್ನು ಒಳ್ಳೆಯ ಜರ್ನಲ್‌ನವರು ಓದುತ್ತಾರಾ? ಅನುಭವ ಇದ್ದವರು ಹೇಳಿ.

ಇಸಿ_ಫೈನಲ್

ಸುಮ್ನೆ ಕಟ್ಟಿ ಮುಗಿಸಿ. ಪ್ಲೇಸ್‌ಮೆಂಟ್ ಸೀಸನ್ ಇದು. ಆಪ್ಟಿಟ್ಯೂಡ್, ಕೋಡಿಂಗ್ ಪ್ರಾಕ್ಟೀಸ್ ಬಿಟ್ಟು ಪೇಪರ್ ಹಿಂದೆ ಯಾಕೆ ಬೀಳುತ್ತೀರಿ? ಇಂಟರ್‌ವ್ಯೂನಲ್ಲಿ ಯಾರೂ ಜರ್ನಲ್ ಹೆಸರು ಕೇಳೋಲ್ಲ. ನಾವು ನಾಲ್ಕು ಜನ ದುಡ್ಡು ಹಂಚಿಕೊಂಡು ಕಟ್ಟಿದೆವು, ಮಾರ್ಕ್ಸ್ ಬಂತು, ಮುಗೀತು.

ಲ್ಯಾಬ್_ಮೇಡಂ

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಳಗಿನ ವಿಷಯ ಹೇಳುತ್ತೇನೆ, ಯಾಕೆಂದರೆ ಹುಡುಗರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್, ಎನ್‌ಬಿಎ ತಂಡ ಬಂದಾಗ ಕಾಲೇಜಿನಿಂದ ಎಷ್ಟು ಪೇಪರ್ ಬಂದಿದೆ ಅಂತ ಲೆಕ್ಕ ಕೊಡಬೇಕು. ಟೀಚರ್‌ಗಳ ಬಡ್ತಿಗೂ ಅದೇ ಲೆಕ್ಕ. ನಮಗೆ ವಾರಕ್ಕೆ ಇಷ್ಟು ಗಂಟೆ ಕ್ಲಾಸು, ಲ್ಯಾಬು, ಅದರ ಮೇಲೆ ಅಡ್ಮಿಶನ್ ಡ್ಯೂಟಿ. ಸಂಶೋಧನೆಗೆ ಸಮಯ ಎಲ್ಲಿದೆ? ಹಾಗಾಗಿ ಹುಡುಗರ ಪ್ರಾಜೆಕ್ಟೇ ಪೇಪರ್ ಆಗುತ್ತದೆ. ಒಂದು ಬ್ಯಾಚಿನಲ್ಲಿ ಮೂವತ್ತು ಟೀಮ್ ಇದ್ದರೆ ಮೂವತ್ತು ಪೇಪರ್. ಎಲ್ಲದರಲ್ಲೂ ಗೈಡ್ ಹೆಸರು.

ತೋಟದ_ಹುಡುಗ, ಇದು ಯೂನಿವರ್ಸಿಟಿ ನಿಯಮ ಅಂತ ಹೇಳಿದರೆ ಸರ್ಕ್ಯುಲರ್ ತೋರಿಸಿ ಅಂತ ವಿನಯದಿಂದ ಕೇಳಿ. ಎಷ್ಟೋ ಕಡೆ ಅದು ಡಿಪಾರ್ಟ್‌ಮೆಂಟಿನವರು ತಾವೇ ಮಾಡಿಕೊಂಡ ನಿಯಮ. ಜರ್ನಲ್ ಆಯ್ಕೆ ಮಾಡುವ ಹಕ್ಕು ಬರೆದವರದು.

ಬೈಟು_ಕಾಫಿ

> ಇಂಟರ್‌ವ್ಯೂನಲ್ಲಿ ಯಾರೂ ಜರ್ನಲ್ ಹೆಸರು ಕೇಳೋಲ್ಲ

ಕೇಳುತ್ತಾರೆ. ನಾನು ಇಂಟರ್‌ವ್ಯೂ ತಗೊಳ್ಳುವವನು. ರೆಸ್ಯೂಮೆಯಲ್ಲಿ ಪೇಪರ್ ಇದ್ದರೆ ಮೊದಲ ಪ್ರಶ್ನೆಯೇ ಅದರ ಮೇಲೆ. ಟೆಸ್ಟ್ ಡೇಟಾ, ಅಂದರೆ ಮಾಡೆಲ್‌ಗೆ ಕಲಿಸದೆ ಪರೀಕ್ಷೆಗೆ ಅಂತ ಇಟ್ಟದ್ದು, ಹೇಗೆ ಬೇರೆ ಮಾಡಿದಿರಿ ಅಂತ ಕೇಳಿದರೆ ಅರ್ಧ ಜನಕ್ಕೆ ಉತ್ತರ ಬರುವುದಿಲ್ಲ. ಪೇಪರ್ ಇಲ್ಲದಿದ್ದರೂ ನಡೆಯುತ್ತೆ. ಇದ್ದು ಉತ್ತರ ಗೊತ್ತಿಲ್ಲದಿದ್ದರೆ ಕಷ್ಟ.

ಇಸಿ_ಫೈನಲ್

ನಿಮ್ಮದು ಪ್ರಾಡಕ್ಟ್ ಕಂಪನಿ ಇರಬೇಕು. ಮಾಸ್ ರಿಕ್ರೂಟ್‌ಮೆಂಟಿನಲ್ಲಿ ಹತ್ತು ನಿಮಿಷ ಮಾತಾಡಿಸಿದರೆ ಹೆಚ್ಚು.

ಪುಟ_ತಿರುವು

ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಮೊದಲ ಪ್ರಶ್ನೆಗೆ ನೇರ ಉತ್ತರ: ಆ ಜರ್ನಲ್‌ಗೆ ಒಮ್ಮೆ ಕೊಟ್ಟರೆ ಅದೇ ಕೆಲಸವನ್ನು ಬೇರೆ ಒಳ್ಳೆಯ ಕಡೆ ಕಳಿಸಲು ಆಗುವುದಿಲ್ಲ. ಒಂದೇ ಸಂಶೋಧನೆಯನ್ನು ಎರಡು ಕಡೆ ಪ್ರಕಟಿಸುವುದು ತಪ್ಪು ಅಂತಲೇ ಎಲ್ಲ ಕಡೆ ನಿಯಮ. ಕಳಿಸಿದ ಕೂಡಲೇ ಸಾಫ್ಟ್‌ವೇರ್ ಹಿಡಿಯುತ್ತದೆ, ನಿಮ್ಮ ಪೇಪರನ್ನೇ ನೀವು ಕದ್ದ ಹಾಗೆ ತೋರಿಸುತ್ತದೆ. ವಾಪಸ್ ತಗೊಳ್ಳುತ್ತೇವೆ ಅಂದರೆ ಇಂಥ ಜರ್ನಲ್‌ನವರು ಬಿಡುವುದಿಲ್ಲ. ಬಿಟ್ಟರೂ ಅದಕ್ಕೆ ಬೇರೆ ಫೀಸ್ ಕೇಳುತ್ತಾರೆ.

ಜರ್ನಲ್ ಅಸಲಿಯೋ ಅಲ್ಲವೋ ನೋಡುವುದು ಹೇಗೆ? ಐಎಸ್‌ಎಸ್‌ಎನ್ ಇದೆ ಅಂತ ನಂಬಬೇಡಿ. ಅದು ಬರೀ ಎಂಟು ಅಂಕಿಯ ಗುರುತಿನ ಸಂಖ್ಯೆ, ಗುಣಮಟ್ಟ ನೋಡಿ ಕೊಡುವುದಲ್ಲ. ಡಿಒಐ (ಪೇಪರಿಗೆ ಆನ್‌ಲೈನಿನಲ್ಲಿ ಕೊಡುವ ಖಾಯಂ ಗುರುತು) ಕೂಡ ಅಷ್ಟೇ. ‘ಇಂಪ್ಯಾಕ್ಟ್ ಫ್ಯಾಕ್ಟರ್ 7.8’ ಅಂತ ಮುಖಪುಟದಲ್ಲೇ ದೊಡ್ಡದಾಗಿ ಹಾಕಿದ್ದರೆ ಯಾರು ಕೊಟ್ಟದ್ದು ನೋಡಿ. ಒಂದು ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಲೆಕ್ಕ ಅದು. ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವುದು ಕ್ಲಾರಿವೇಟ್ ಸಂಸ್ಥೆ. ಬೇರೆ ಹೆಸರಿನ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಸಂಶೋಧನಾ ಪೇಪರ್‌ಗಳ ಡೇಟಾಬೇಸ್ ಆದ ಸ್ಕೋಪಸ್‌ನ ಸೋರ್ಸ್ ಪಟ್ಟಿಯಲ್ಲಿ ಜರ್ನಲ್ ಹೆಸರನ್ನು ನೀವೇ ಹುಡುಕಿ. ಹೆಸರು ಒಂದೇ ಥರ ಇರುವ ನಕಲಿಗಳೂ ಇವೆ, ವೆಬ್‌ಸೈಟ್ ವಿಳಾಸ ತಾಳೆ ನೋಡಿ.

ಹಳೇ_ಮೆಕ್ಯಾನಿಕಲ್

ಯುಜಿಸಿ ಪಟ್ಟಿ ಅಂತ ಒಂದು ಇತ್ತಲ್ಲ, ಅದರಲ್ಲಿ ನೋಡಿದರೆ ಸಾಲದಾ?

ಪುಟ_ತಿರುವು

ಮೊದಲಿನ ಪಟ್ಟಿಯಿಂದ 2018ರ ಮೇನಲ್ಲಿ 4,305 ಜರ್ನಲ್‌ಗಳನ್ನು ಒಂದೇ ಸಲ ತೆಗೆದುಹಾಕಿದರು. ಆಮೇಲೆ ಕೇರ್ ಪಟ್ಟಿ ಬಂತು. ಅದನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಈಗ ಜರ್ನಲ್ ಒಳ್ಳೆಯದೋ ಅಲ್ಲವೋ ಆಯಾ ಸಂಸ್ಥೆಗಳೇ ನೋಡಿಕೊಳ್ಳಬೇಕು. ‘ಯುಜಿಸಿ ಅಪ್ರೂವ್ಡ್’ ಅಂತ ಇವತ್ತೂ ಬೋರ್ಡ್ ಹಾಕಿಕೊಂಡಿರುವ ಜರ್ನಲ್ ಕಂಡರೆ ಹತ್ತಿರ ಹೋಗಬೇಡಿ.

ಸಂಖ್ಯಾ_ಪ್ರೇಮಿ

ಈ ಜರ್ನಲ್‌ಗಳಲ್ಲಿ ಯಾರೂ ಓದುವುದಿಲ್ಲ ಅನ್ನುವುದಕ್ಕೆ ಪುರಾವೆ ಬೇಕಾದರೆ ಎರಡು ಘಟನೆ ಹೇಳುತ್ತೇನೆ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವೇ ಇಲ್ಲದ ಪೇಪರ್‌ಗಳನ್ನು ತಾನೇ ಬರೆಯುವ ಸೈಜೆನ್ ಅನ್ನುವ ಪ್ರೋಗ್ರಾಮ್ ಮಾಡಿದರು. ಅದು ಬರೆದದ್ದನ್ನು ಒಂದು ಕಾನ್ಫರೆನ್ಸ್ ಒಪ್ಪಿಕೊಂಡಿತು. 2013ರಲ್ಲಿ ಜಾನ್ ಬೊಹಾನನ್ ಅನ್ನುವ ಪತ್ರಕರ್ತ, ಬೇಕಂತಲೇ ತಪ್ಪು ತುಂಬಿದ ಪೇಪರನ್ನು 304 ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು. ಅರ್ಧಕ್ಕಿಂತ ಜಾಸ್ತಿ!

ಡಾಕ್ಟರ್_ಸರ್ಕ್ಯೂಟ್

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಬಿಇ ಮಟ್ಟದಲ್ಲಿ ಸ್ವಂತ ಸಂಶೋಧನೆ ಅನ್ನುವುದೇ ಅತಿ ಆಸೆ. ಪಿಎಚ್‌ಡಿ ಮಾಡುವವರಿಗೇ ಪ್ರಶ್ನೆ ಹುಡುಕಲು ಒಂದೆರಡು ವರ್ಷ ಹಿಡಿಯುತ್ತದೆ. ಬಿಇ ಹುಡುಗರಿಗೆ ಸಿಗುವುದು ಎರಡು ಸೆಮ್. ಅದರಲ್ಲಿ ಬ್ಯಾಕ್‌ಲಾಗ್, ಇಂಟರ್ನ್‌ಶಿಪ್, ಪ್ಲೇಸ್‌ಮೆಂಟ್. ಆ ವಯಸ್ಸಿನಲ್ಲಿ ಮಾಡಬೇಕಾದ್ದು ಬೇಸಿಕ್ಸ್ ಗಟ್ಟಿ ಮಾಡಿಕೊಳ್ಳುವುದು. ಒಂದು ಹಳೆಯ ಪೇಪರ್ ತಗೊಂಡು, ಅದರಲ್ಲಿ ಹೇಳಿದ ಫಲಿತಾಂಶ ನಮಗೂ ಬರುತ್ತದಾ ಅಂತ ಪೂರ್ತಿ ಮಾಡಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡ ಕಲಿಕೆ ಇಲ್ಲ. ಪ್ರಕಟಣೆ ಕಡ್ಡಾಯ ಮಾಡಿದ್ದೇ ಈ ಎಲ್ಲ ರಗಳೆಗೆ ಮೂಲ.

ಸಂಖ್ಯಾ_ಪ್ರೇಮಿ

ಕಡ್ಡಾಯ ಬೇಡ ಅನ್ನುವುದು ಒಪ್ಪಿದೆ. ಆದರೆ ‘ಅತಿ ಆಸೆ’ ಅನ್ನುವುದನ್ನು ಒಪ್ಪಲಾರೆ. 2002ರ ಆಗಸ್ಟ್ ನೆನಪಿದೆಯಾ? ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅನ್ನುವುದನ್ನು ಬೇಗ, ಯಾವ ಅದೃಷ್ಟದ ಆಟವೂ ಇಲ್ಲದೆ, ಖಚಿತವಾಗಿ ಹೇಳಬಹುದು ಅಂತ ಐಐಟಿ ಕಾನ್ಪುರದಿಂದ ಸಾಧಿಸಿ ತೋರಿಸಿದರು. ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗಷ್ಟೇ ಬಿಟೆಕ್ ಮುಗಿಸಿದ್ದರು. ಅವರ ಬಿಟೆಕ್ ಪ್ರಾಜೆಕ್ಟೇ ಆ ಕೆಲಸದ ಬುಡ. 2006ರಲ್ಲಿ ಕಂಪ್ಯೂಟರ್ ವಿಜ್ಞಾನದ ಗೋಡೆಲ್ ಪ್ರಶಸ್ತಿ ಬಂತು.

ಇನ್ನೂ ಹಿಂದೆ ಹೋದರೆ, ಬಿಲ್ ಗೇಟ್ಸ್ ಹಾರ್ವರ್ಡ್‌ನಲ್ಲಿ ಡಿಗ್ರಿ ಓದುತ್ತಿದ್ದಾಗ ಹಚ್ಚಿಕೊಂಡ ಸಮಸ್ಯೆ (ಪ್ಯಾನ್‌ಕೇಕ್ ರಾಶಿಯನ್ನು ಮಗುಚುತ್ತಾ ಗಾತ್ರದ ಕ್ರಮಕ್ಕೆ ತರಲು ಎಷ್ಟು ಸಲ ಮಗುಚಬೇಕು ಅನ್ನುವುದು) ಪ್ರಾಧ್ಯಾಪಕ ಪಪಾದಿಮಿತ್ರಿಯು ಜೊತೆ 1979ರಲ್ಲಿ ಪೇಪರ್ ಆಯಿತು. ಆ ಲೆಕ್ಕವನ್ನು ಸುಧಾರಿಸಲು ಸುಮಾರು 30 ವರ್ಷ ಬೇಕಾಯಿತು.

ಡಾಕ್ಟರ್_ಸರ್ಕ್ಯೂಟ್

ಐಐಟಿ ಕಾನ್ಪುರ, ಹಾರ್ವರ್ಡ್. ನಾವು ಮಾತಾಡುತ್ತಿರುವುದು ಜಿಲ್ಲಾ ಕೇಂದ್ರದ ಖಾಸಗಿ ಕಾಲೇಜಿನ ಬಗ್ಗೆ. ಅಲ್ಲಿ ಒಳ್ಳೆಯ ಗೈಡ್ ಸಿಗುವುದೇ ಕಷ್ಟ.

ಸಂಖ್ಯಾ_ಪ್ರೇಮಿ

ಸರಿ. ಆದರೆ ಕಾನ್ಪುರದ ಕಥೆಯಲ್ಲಿ ಜನ ಬಿಟ್ಟುಬಿಡುವ ಒಂದು ಭಾಗ ಇದೆ. ಅದೇ ನಮಗೆ ಬೇಕಾದದ್ದು. 1999ರಲ್ಲಿ ಅಗರ್ವಾಲ್ ಮತ್ತು ಸೋಮನಾಥ್ ಬಿಸ್ವಾಸ್ ಒಂದು ದಾರಿ ತೋರಿಸಿದ್ದರು. 2001ರಲ್ಲಿ ರಜತ್ ಭಟ್ಟಾಚಾರ್ಜಿ, ಪ್ರಶಾಂತ್ ಪಾಂಡೆ ಅನ್ನುವ ಇಬ್ಬರು ಬಿಟೆಕ್ ವಿದ್ಯಾರ್ಥಿಗಳು ಅದನ್ನೇ ಪ್ರಾಜೆಕ್ಟ್ ಮಾಡಿ ಸ್ವಲ್ಪ ಮುಂದೆ ಒಯ್ದರು. ಕಯಾಲ್ ಮತ್ತು ಸಕ್ಸೇನಾ ಅಲ್ಲಿಂದ ಹಿಡಿದುಕೊಂಡರು. ಅಂದರೆ ಒಂದೇ ಪ್ರಶ್ನೆ ಬ್ಯಾಚಿಂದ ಬ್ಯಾಚಿಗೆ ಹೋಯಿತು.

ನಮ್ಮ ಕಾಲೇಜುಗಳಲ್ಲಿ ಆಗುವುದೇನು? ಪ್ರತಿ ವರ್ಷ ಹೊಸ ಟೀಮ್ ಸೊನ್ನೆಯಿಂದ ಶುರು. ಹೋದ ವರ್ಷದವರ ಕೋಡ್, ಡೇಟಾ ಯಾರ ಹತ್ತಿರವೂ ಇಲ್ಲ. ರಿಪೋರ್ಟ್ ಕಪ್ಪು ಬೈಂಡಿಂಗ್ ಆಗಿ ಬೀರು ಸೇರುತ್ತೆ. ಎರಡು ಸೆಮ್ ಸಾಲದು ಅಂತ ಡಾಕ್ಟರ್ ಹೇಳಿದ್ದು ನಿಜ. ಆದರೆ ಮೂರು ಬ್ಯಾಚ್ ಒಂದೇ ಪ್ರಶ್ನೆ ಹಿಡಿದರೆ ಆರು ಸೆಮ್ ಆಗುತ್ತೆ ಅಲ್ವಾ?

ಲ್ಯಾಬ್_ಮೇಡಂ

ಇದನ್ನು ನಮ್ಮ ಕಾಲೇಜಿನಲ್ಲಿ ಎರಡು ಸಲ ಪ್ರಸ್ತಾಪ ಮಾಡಿದ್ದೆ. ‘ಟೈಟಲ್ ರಿಪೀಟ್ ಆಗಬಾರದು’ ಅನ್ನುವ ಉತ್ತರ ಬಂತು. ಪ್ರಾಜೆಕ್ಟ್ ಹೆಸರು ಹಿಂದಿನ ವರ್ಷದ್ದೇ ಇದ್ದರೆ ಕಾಪಿ ಅಂತ ತಿಳಿಯುತ್ತಾರೆ. ಈ ಒಂದು ನಿಯಮ ಎಷ್ಟು ಒಳ್ಳೆಯ ಕೆಲಸ ಹಾಳು ಮಾಡಿದೆಯೋ!

ಹಳೇ_ಮೆಕ್ಯಾನಿಕಲ್

ಜಿಲ್ಲೆ ಕಾಲೇಜು ಅಂತ ಕೈಬಿಡಬೇಡಿ. ಸ್ಟುಡ್‌ಸ್ಯಾಟ್ ನೆನಪಿಸಿಕೊಳ್ಳಿ. ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಸೇರಿ ಒಂದು ಕೆಜಿಗಿಂತ ಕಡಿಮೆ ತೂಕದ ಉಪಗ್ರಹ ಕಟ್ಟಿದರು. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ಅದನ್ನು ಮೇಲೆ ಒಯ್ದಿತು. ಅವರು ಬಿಇ ಹುಡುಗರೇ. 2016ರ ಸೆಪ್ಟೆಂಬರ್‌ನಲ್ಲಿ ಪಿಇಎಸ್ ವಿದ್ಯಾರ್ಥಿಗಳ ಪೈಸ್ಯಾಟ್ ಹೋಯಿತು. ಇವೂ ಒಂದೇ ಬ್ಯಾಚಿನ ಕೆಲಸ ಅಲ್ಲ, ವರ್ಷಗಟ್ಟಲೆ ಕೈ ಬದಲಾಗುತ್ತಾ ಬಂದದ್ದು.

ನಮ್ಮ ಕಾಲದಲ್ಲಿ ಪೇಪರ್ ಗೀಪರ್ ಯಾರೂ ಕೇಳುತ್ತಿರಲಿಲ್ಲ. ಆದರೆ ಐಐಎಸ್‌ಸಿ ಆವರಣದಲ್ಲಿರುವ ಕೆಎಸ್‌ಸಿಎಸ್‌ಟಿಯ (ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಸ್ಟೂಡೆಂಟ್ ಪ್ರಾಜೆಕ್ಟ್ ಯೋಜನೆ ಇತ್ತು, ಈಗಲೂ ಇದೆ. ಆಯ್ಕೆಯಾದ ಪ್ರಾಜೆಕ್ಟಿಗೆ ಸ್ವಲ್ಪ ದುಡ್ಡು ಸಿಗುತ್ತದೆ. ದುಡ್ಡಿಗಿಂತ ದೊಡ್ಡದು, ಹೊರಗಿನ ತಜ್ಞರು ಬಂದು ಕೂತು ಪ್ರಶ್ನೆ ಕೇಳುತ್ತಾರೆ. ನನ್ನ ಗೆಳೆಯರು ಅಡಿಕೆ ಸುಲಿಯುವ ಯಂತ್ರ ಮಾಡಿದ್ದರು. ಆಗಿನ ಕಾಲಕ್ಕೆ ಐಐಎಸ್‌ಸಿಯ ‘ಅಸ್ತ್ರ’ ತಂಡದ ಪ್ರಭಾವ ಎಲ್ಲ ಕಡೆ ಇತ್ತು. 1974ರಲ್ಲಿ ಶುರುವಾದದ್ದು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೂತು ಹಳ್ಳಿಗೆ ಏನು ಬೇಕು ಅಂತ ನೋಡಿ ಒಲೆ ಮಾಡಿದರು.

ಬೈಟು_ಕಾಫಿ

ಅಸ್ತ್ರ ಒಲೆ ನಮ್ಮ ಅಜ್ಜಿ ಮನೆಯಲ್ಲಿ ಇತ್ತು! ಅಡುಗೆಮನೆಯಲ್ಲಿ ಹೊಗೆಯೇ ಇರುತ್ತಿರಲಿಲ್ಲ. ಅದು ಐಐಎಸ್‌ಸಿಯದು ಅಂತ ಇವತ್ತು ಗೊತ್ತಾಯಿತು.

ಶಿರಸಿ_ಬೆಳೆಗಾರ

ಎಂಜಿನಿಯರಿಂಗ್ ಓದಿದವನಲ್ಲ ನಾನು. ಅಡಿಕೆ ಅಂತ ಕಂಡು ಬಂದೆ. ತೋಟದ_ಹುಡುಗ ಅವರೇ, ಒಂದು ಮಾತು. ಎಲೆಚುಕ್ಕಿ ಇದೆಯೋ ಇಲ್ಲವೋ ಅಂತ ನಮಗೆ ಕಣ್ಣಿಗೇ ಕಾಣುತ್ತದೆ. ಅದಕ್ಕೆ ಫೋನ್ ಬೇಡ. ನಮಗೆ ಗೊತ್ತಾಗದೇ ಇರುವುದು ಬೇರೆ. ಹೋದ ತಿಂಗಳಿಗಿಂತ ಜಾಸ್ತಿ ಆಯಿತಾ ಕಡಿಮೆ ಆಯಿತಾ? ಔಷಧಿ ಹೊಡೆದದ್ದು ಕೆಲಸ ಮಾಡಿತಾ? ತೋಟದ ಯಾವ ಮೂಲೆಯಿಂದ ಹಬ್ಬುತ್ತಿದೆ? ಒಂದೊಂದು ಸುತ್ತು ಔಷಧಿ ಹೊಡೆಸಲು ಮರ ಹತ್ತುವವರ ಕೂಲಿ ಎಷ್ಟು ಅಂತ ನಿಮಗೂ ಗೊತ್ತು. ಈ ವಾರ ಹೊಡೆಸಬೇಕಾ, ಕಾಯಬಹುದಾ ಅಂತ ಹೇಳುವುದಾದರೆ ನಾನೇ ದುಡ್ಡು ಕೊಟ್ಟು ಆ ಆ್ಯಪ್ ತಗೊಳ್ಳುತ್ತೇನೆ.

ತೋಟದ_ಹುಡುಗ

ಇದು ನಮಗೆ ಹೊಳೆದೇ ಇರಲಿಲ್ಲ. ಅಪ್ಪನೂ ‘ಚುಕ್ಕಿ ಇದೆ ಅಂತ ಹೇಳೋಕೆ ನಿನ್ನ ಕಂಪ್ಯೂಟರ್ ಬೇಕಾ’ ಅಂತ ಕೇಳಿದ್ದರು. ಒಂದು ಸೋಗೆಯಲ್ಲಿ ಎಷ್ಟು ಭಾಗಕ್ಕೆ ಚುಕ್ಕಿ ಹರಡಿದೆ ಅಂತ ಅಳೆಯುವಂತೆ ಮಾಡಬಹುದು. ಒಂದೇ ಮರದ್ದು ಬೇರೆ ಬೇರೆ ತಿಂಗಳ ಫೋಟೋಗಳು ನಮ್ಮ ಹತ್ತಿರ ಇವೆ.

ಮ್ಯೂನಿಕ್_ಕನ್ನಡಿಗ

ಪಿಎಚ್‌ಡಿ ಮಾಡುತ್ತಿದ್ದೇನೆ, ವಿಷಯ ಕಂಪ್ಯೂಟರ್ ವಿಷನ್. ಹಾಸನದ ಕಡೆಯವನು. ಈಗ ನಿಮ್ಮ ಅಕ್ಯುರೆಸಿ ಎಷ್ಟು ಬರುತ್ತಿದೆ?

ತೋಟದ_ಹುಡುಗ

98.6.

ಮ್ಯೂನಿಕ್_ಕನ್ನಡಿಗ

ಅಲ್ಲೇ ನಿಲ್ಲಿ. ಪೇಪರ್ ಎಲ್ಲಿ ಹಾಕಬೇಕು ಅನ್ನುವುದು ಆಮೇಲೆ. ಮೊದಲು ಈ ಸಂಖ್ಯೆ ನಿಜವಾ ನೋಡೋಣ.

ಪ್ಲಾಂಟ್‌ವಿಲೇಜ್ ಅನ್ನುವ ಎಲೆ ರೋಗದ ಫೋಟೋ ಸಂಗ್ರಹ ಗೊತ್ತಲ್ಲ? 14 ಬೆಳೆ, 54,306 ಎಲೆ ಫೋಟೋ. 2016ರಲ್ಲಿ ಮೊಹಂತಿ ಮತ್ತು ಜೊತೆಗಾರರು ಅದರ ಮೇಲೆ 99.35% ಅಕ್ಯುರೆಸಿ ತಂದರು. ಅದನ್ನು ಓದಿಯೇ ನಮ್ಮ ಕಾಲೇಜುಗಳಲ್ಲಿ ಎಲೆ ರೋಗದ ಪ್ರಾಜೆಕ್ಟ್‌ಗಳು ಸಾವಿರಗಟ್ಟಲೆ ಹುಟ್ಟಿದವು. ಆದರೆ ಅದೇ ಪೇಪರಿನಲ್ಲಿ ಇನ್ನೊಂದು ಸಂಖ್ಯೆ ಇದೆ. ಬೇರೆ ಕಡೆಯಿಂದ ತಂದ ಫೋಟೋಗಳನ್ನು ಕೊಟ್ಟಾಗ ಅಕ್ಯುರೆಸಿ 31ರ ಆಸುಪಾಸಿಗೆ ಇಳಿಯಿತು. ಬರೆದವರು ಅದನ್ನು ಮುಚ್ಚಿಡಲಿಲ್ಲ. ಓದಿದವರು ಅಲ್ಲಿಯವರೆಗೆ ಓದಲಿಲ್ಲ.

2022ರಲ್ಲಿ ಇನ್ನೊಂದು ತಂಡ ಎಲೆಯನ್ನು ಪೂರ್ತಿ ಬಿಟ್ಟು, ಹಿನ್ನೆಲೆಯ ಬರೀ 8 ಪಿಕ್ಸೆಲ್ ಕೊಟ್ಟು ನೋಡಿತು. 49% ಸರಿ ಬಂತು! ಬೆಳೆ, ರೋಗ ಸೇರಿ 38 ವರ್ಗ ಇರುವಾಗ ಕಣ್ಣು ಮುಚ್ಚಿ ಹೇಳಿದರೆ 3% ಕೂಡ ಬರಬಾರದು. ಅಂದರೆ ಮಾಡೆಲ್ ಎಲೆಯನ್ನಲ್ಲ, ಫೋಟೋ ತೆಗೆದ ಜಾಗ ಮತ್ತು ಬೆಳಕನ್ನು ಕಲಿತಿತ್ತು.

ಈಗ ನಿಮ್ಮ ಡೇಟಾಕ್ಕೆ ಬನ್ನಿ. ಫೋಟೋಗಳನ್ನೆಲ್ಲ ಕಲಸಿ 80 ಭಾಗ ಟ್ರೈನಿಂಗಿಗೆ, 20 ಭಾಗ ಟೆಸ್ಟಿಗೆ ಅಂತ ಮಾಡಿದ್ದೀರಾ? ಹಾಗಾದರೆ ಒಂದೇ ಮರದ ಒಂದು ಫೋಟೋ ಟ್ರೈನಿಂಗಿಗೆ, ಇನ್ನೊಂದು ಟೆಸ್ಟಿಗೆ ಹೋಗಿರುತ್ತದೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಸಿಕ್ಕ ಹಾಗೆ ಅದು. ಫೋಟೋ ತಿರುಗಿಸಿ, ಮಗುಚಿ ಸಂಖ್ಯೆ ಹೆಚ್ಚಿಸಿದ್ದು ಹಂಚುವುದಕ್ಕೆ ಮೊದಲೋ ಆಮೇಲೋ? ಮೊದಲು ಮಾಡಿದ್ದರೆ ಇನ್ನೂ ಕೆಟ್ಟದು.

ತೋಟ ಲೆಕ್ಕದಲ್ಲಿ ಹಂಚಿ. ನಿಮ್ಮ ತೋಟ, ಪಕ್ಕದವರ ತೋಟ ಟ್ರೈನಿಂಗಿಗೆ. ಮಾವನ ತೋಟ ಪೂರ್ತಿ ಟೆಸ್ಟಿಗೆ. ಬೇರೆ ಫೋನಿನಲ್ಲಿ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಎಷ್ಟು ಬರುತ್ತದೆ ನೋಡಿ ಬಂದು ಹೇಳಿ.

ಡಾಕ್ಟರ್_ಸರ್ಕ್ಯೂಟ್

ಇದನ್ನೇ ನಾನು ಹೇಳುತ್ತಿದ್ದದ್ದು. ಇದನ್ನು ಹೇಳಿಕೊಡುವವರು ಕಾಲೇಜಿನಲ್ಲಿ ಇಲ್ಲದಾಗ ಹುಡುಗರು ಏನು ಮಾಡಬೇಕು? ಇದು ಹುಡುಗರದ್ದಷ್ಟೇ ತಪ್ಪಲ್ಲ ಅನ್ನುವುದೂ ನಿಜ. 2023ರಲ್ಲಿ ಕಪೂರ್ ಮತ್ತು ನಾರಾಯಣನ್ ತೋರಿಸಿದ ಹಾಗೆ, 17 ವಿಷಯಗಳ 294 ಪೇಪರ್‌ಗಳಲ್ಲಿ ಇದೇ ಥರದ ಸೋರಿಕೆ (ಟೆಸ್ಟ್ ಡೇಟಾದ ಸುಳಿವು ಟ್ರೈನಿಂಗಿಗೆ ಸಿಗುವುದು) ಇತ್ತು. ಎಲ್ಲ ದೊಡ್ಡವರೇ ಬರೆದದ್ದು.

ಕೋಲಾರದ_ಹುಡುಗಿ

ನನ್ನದು ಬೇರೆ ತೊಂದರೆ. ಪಿಯುಸಿವರೆಗೂ ಕನ್ನಡ ಮೀಡಿಯಂ. ಸಿವಿಲ್ 6ನೇ ಸೆಮ್. ಕೆರೆ ಹೂಳಿನಿಂದ ಇಟ್ಟಿಗೆ ಮಾಡುವ ಪ್ರಯೋಗ ಮಾಡುತ್ತಿದ್ದೇವೆ. ಕೆಲಸ ಚೆನ್ನಾಗಿ ನಡೆದಿದೆ, ಬರೆಯಲು ಕೂತರೆ ಕೈ ಓಡುವುದಿಲ್ಲ. ಗೆಳತಿಯರೆಲ್ಲ ಚಾಟ್‌ಜಿಪಿಟಿ ಹಾಕು ಅನ್ನುತ್ತಾರೆ. ಹಾಕಬಹುದಾ?

ಇಸಿ_ಫೈನಲ್

ಎಲ್ಲರೂ ಹಾಕುತ್ತಾರೆ. ಹಾಕಿ.

ಪುಟ_ತಿರುವು

ಹಾಕುವ ಮೊದಲು ಎರಡು ವಿಷಯ. ಒಂದು, ಅದು ಕೊಡುವ ರೆಫರೆನ್ಸ್‌ಗಳನ್ನು ಒಂದೊಂದಾಗಿ ಹುಡುಕಿ ನೋಡಿ. ಇಲ್ಲದ ಪೇಪರಿಗೆ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಕೊಟ್ಟುಬಿಡುತ್ತದೆ. ಹಾಗೆ ಬಂದ ಪಟ್ಟಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು, ಎಐ ಬರೆದ ಭಾಗ ಇದ್ದರೆ ಕೃತಜ್ಞತೆಯ ಜಾಗದಲ್ಲಿ ಹೇಳಬೇಕು ಅಂತ ಐಇಇಇ (ಜರ್ನಲ್‌ಗಳನ್ನೂ ತರುವ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಘ) ನಿಯಮವೇ ಇದೆ.

ಮ್ಯೂನಿಕ್_ಕನ್ನಡಿಗ

ಕೋಲಾರದ_ಹುಡುಗಿ, ಮೊದಲು ಕನ್ನಡದಲ್ಲೇ ಬರೆಯಿರಿ. ನಿಜವಾಗಿ ಹೇಳುತ್ತಿದ್ದೇನೆ. ಏನು ಮಾಡಿದೆವು, ಯಾಕೆ ಮಾಡಿದೆವು, ಏನು ಬಂತು, ಎಲ್ಲಿ ಕೈಕೊಟ್ಟಿತು. ನಾನು ಇವತ್ತಿಗೂ ಕಷ್ಟದ ಪ್ಯಾರಾಗಳನ್ನು ಕನ್ನಡದಲ್ಲಿ ಯೋಚಿಸಿ ಬರೆದುಕೊಳ್ಳುತ್ತೇನೆ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ. ಜರ್ಮನಿಯಲ್ಲಿ ನಮ್ಮ ಲ್ಯಾಬಿನ ಅರ್ಧ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ರಿವ್ಯೂ ಮಾಡುವವರು ಹುಡುಕುವುದು ಅಲಂಕಾರವನ್ನಲ್ಲ, ಸುಟ್ಟ ಉಷ್ಣತೆ ಎಷ್ಟು, ಎಷ್ಟು ಇಟ್ಟಿಗೆ ಪರೀಕ್ಷೆ ಮಾಡಿದಿರಿ, ಒತ್ತಡ ತಡೆಯುವ ಶಕ್ತಿ ಎಷ್ಟು ಏರುಪೇರಾಯಿತು ಅನ್ನುವುದನ್ನು.

ಹಾಂ, ಪ್ಯಾರಾಫ್ರೇಸ್ ಮಾಡುವ ಸಾಫ್ಟ್‌ವೇರ್ ಮಾತ್ರ ಮುಟ್ಟಬೇಡಿ. ಬೇರೆಯವರ ಪ್ಯಾರಾ ಹಾಕಿ ಪದ ಬದಲಿಸಿ ಸಿಮಿಲಾರಿಟಿ (ಬೇರೆ ಬರಹಗಳ ಜೊತೆ ಹೋಲುವ ಪ್ರಮಾಣ) ಇಳಿಸುವುದು ಕಳ್ಳತನವೇ.

ಕೋಲಾರದ_ಹುಡುಗಿ

ಥ್ಯಾಂಕ್ಸ್ ಅಣ್ಣ. ಇವತ್ತು ರಾತ್ರಿಯೇ ಶುರು ಮಾಡುತ್ತೇನೆ. ಸಿಮಿಲಾರಿಟಿ ಎಷ್ಟಿದ್ದರೆ ನಡೆಯುತ್ತೆ?

ಪುಟ_ತಿರುವು

ಯುಜಿಸಿಯ 2018ರ ನಿಯಮದಲ್ಲಿ 10%ವರೆಗೆ ದಂಡ ಇಲ್ಲ. ಆದರೆ 9% ಪೂರ್ತಿ ಒಂದೇ ಕಡೆಯಿಂದ ಎತ್ತಿದ್ದರೆ ಅದೂ ತಪ್ಪೇ. ಸಂಖ್ಯೆ ನೋಡಿ ಸಮಾಧಾನ ಪಡಬೇಡಿ.

ಫೈಲಿಂಗ್_ಬಾಬು

ಯಾರೂ ಪೇಟೆಂಟ್ ಬಗ್ಗೆ ಮಾತಾಡಲಿಲ್ಲ. ಕೋಲಾರದ_ಹುಡುಗಿ ಅವರ ಇಟ್ಟಿಗೆಯಲ್ಲಿ ಹೊಸ ಮಿಶ್ರಣ ಏನಾದರೂ ಇದ್ದರೆ ಪೇಪರಿಗೆ ಮೊದಲು ಪೇಟೆಂಟ್ ಅರ್ಜಿ ಹಾಕಿ. ಪೇಪರ್ ಹೊರಗೆ ಬಂದಮೇಲೆ ‘ಹೊಸದು’ ಅನ್ನುವ ಹಕ್ಕು ಹೋಗುತ್ತದೆ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ. ಮತ್ತೆ, ರೆಸ್ಯೂಮೆಯಲ್ಲಿ ‘ಪೇಟೆಂಟ್ ಪಬ್ಲಿಷ್ಡ್’ ಅಂತ ಹಾಕಿಕೊಳ್ಳುವವರಿಗೆ: ಅರ್ಜಿ ಹಾಕಿದರೆ 18 ತಿಂಗಳಿಗೆ ತಾನಾಗಿಯೇ ಪ್ರಕಟವಾಗುತ್ತದೆ. ಪೇಟೆಂಟ್ ಸಿಕ್ಕಿತು ಅಂತ ಅರ್ಥ ಅಲ್ಲ.

ಬೈಟು_ಕಾಫಿ

ಹೂಳಿನ ಇಟ್ಟಿಗೆಗೆ ಪೇಟೆಂಟ್ ಯಾಕೆ ಬೇಕು? ಹಳ್ಳಿಯವರು ಮಾಡಿಕೊಳ್ಳಲಿ ಬಿಡಿ.

ಫೈಲಿಂಗ್_ಬಾಬು

ಹಕ್ಕು ಇಟ್ಟುಕೊಂಡು ಎಲ್ಲರಿಗೂ ಬಿಟ್ಟುಕೊಡಬಹುದು. ಹಕ್ಕೇ ಇಲ್ಲದಿದ್ದರೆ ಅದೂ ಆಗುವುದಿಲ್ಲ.

ನಿರ್ವಾಹಕ

ಪೇಟೆಂಟ್ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ತೋಟದ_ಹುಡುಗ

ಮ್ಯೂನಿಕ್ ಅಣ್ಣ, ಮಾಡಿ ನೋಡಿದೆವು. ಮಾವನ ತೋಟವನ್ನು ಪೂರ್ತಿ ಹೊರಗಿಟ್ಟು ಟೆಸ್ಟ್ ಮಾಡಿದರೆ 98.6 ಇದ್ದದ್ದು 71ಕ್ಕೆ ಬಂತು. ಟೀಮಿನಲ್ಲಿ ಜಗಳವೇ ಆಯಿತು. 71 ಅಂತ ಬರೆದರೆ ವೈವಾದಲ್ಲಿ ಕೊಲ್ಲುತ್ತಾರೆ ಅಂತ ಒಬ್ಬ. ಗೈಡ್ ಕೂಡ 98 ಇರುವುದನ್ನೇ ಹಾಕಿ ಅನ್ನುತ್ತಿದ್ದಾರೆ.

ಮ್ಯೂನಿಕ್_ಕನ್ನಡಿಗ

71 ನಿಮ್ಮ ಪೇಪರ್! 98 ಬರೀ ಇನ್ನೊಂದು ಎಲೆ ಪ್ರಾಜೆಕ್ಟ್. ‘ಕಲಸಿ ಹಂಚಿದರೆ 98.6, ತೋಟ ಬೇರೆ ಮಾಡಿದರೆ 71, ಯಾಕೆ ಹೀಗೆ’ ಅನ್ನುವುದೇ ಸ್ವಂತ ಪ್ರಶ್ನೆ. ಅಡಿಕೆಯಲ್ಲಿ ಇದನ್ನು ಅಳೆದು ತೋರಿಸಿದರೆ ಮುಂದೆ ಮಾಡುವವರೆಲ್ಲ ನಿಮ್ಮ ಪೇಪರ್ ಓದಬೇಕಾಗುತ್ತದೆ. ಯಾವ ಫೋಟೋಗಳಲ್ಲಿ ತಪ್ಪಿತು ಅಂತ ಒಂದೊಂದಾಗಿ ನೋಡಿ. ನೆರಳಾ, ಮಳೆ ಹನಿಯಾ, ಹಳದಿ ಎಲೆ ರೋಗದ್ದನ್ನು ಚುಕ್ಕಿ ಅಂದಿತಾ?

ಲ್ಯಾಬ್_ಮೇಡಂ

ವೈವಾದಲ್ಲಿ ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟು ತೋರಿಸಿ. ಹೊರಗಿನ ಪರೀಕ್ಷಕರಿಗೆ ವಿಷಯ ಗೊತ್ತಿದ್ದರೆ ಅದಕ್ಕೇ ಮಾರ್ಕ್ಸ್ ಜಾಸ್ತಿ ಕೊಡುತ್ತಾರೆ. ನಾನು ಪರೀಕ್ಷಕಿಯಾಗಿ ಹೋದಾಗ ಕೊಟ್ಟಿದ್ದೇನೆ. ರೋಗದ ಗುರುತು ಸರಿ ಇದೆಯಾ ಅಂತ ತಜ್ಞರಿಂದ ನೋಡಿಸಿದ್ದೀರಾ? ವಿಟ್ಲದಲ್ಲಿ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರ ಇದೆ. ಒಂದು ಮೇಲ್ ಹಾಕಿ. ಫೋಟೋಗಳಿಗೆ ರೋಗಶಾಸ್ತ್ರದವರು ಹೆಸರು ಹಾಕಿದರೆ ಡೇಟಾದ ತೂಕವೇ ಬೇರೆ.

ಶಿರಸಿ_ಬೆಳೆಗಾರ

ಅಡಿಕೆ ರೋಗದ ಸಂಶೋಧನೆ ನಮ್ಮಲ್ಲಿ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಸಾಹೇಬರು 1910ರಲ್ಲೇ ಕೊಳೆ ರೋಗದ ಮೇಲೆ ಬರೆದಿದ್ದರು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದನ್ನು ಮಲೆನಾಡಿನಲ್ಲಿ ಹರಡಿದ್ದು ಆ ಕೆಲಸವೇ.

ತೋಟದ_ಹುಡುಗ

ಇನ್ನೊಂದು. ಗೈಡ್ ಮೊದಲ ಹೆಸರು ತಮ್ಮದೇ ಇರಬೇಕು ಅನ್ನುತ್ತಾರೆ. ಹೆಚ್‌ಒಡಿ ಹೆಸರೂ ಸೇರಿಸಬೇಕಂತೆ. ಏನು ಮಾಡೋದು?

ಡಾಕ್ಟರ್_ಸರ್ಕ್ಯೂಟ್

ಈ ವಿಷಯದಲ್ಲಿ ನಾನು ಹುಡುಗರ ಪರ. ಕೆಲಸದಲ್ಲಿ ಬುದ್ಧಿ ಹಾಕಿರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿ ಓದಿ ಒಪ್ಪಿರಬೇಕು. ಮೂರೂ ಇದ್ದರೆ ಮಾತ್ರ ಲೇಖಕರು ಅಂತ ಐಇಇಇ ಹೇಳುತ್ತದೆ. ಹುದ್ದೆ ನೋಡಿ ಹೆಸರು ಹಾಕುವುದಿಲ್ಲ. ಮೊದಲ ಹೆಸರು ಕೆಲಸ ಮಾಡಿದವರದು. ಗೈಡ್ ನಿಜವಾಗಿ ದಾರಿ ತೋರಿಸಿದ್ದರೆ ಕೊನೆಯಲ್ಲಿ ಅವರ ಹೆಸರು, ಅದೂ ಗೌರವದ ಜಾಗವೇ. ಹೆಚ್‌ಒಡಿಗೆ ಕೃತಜ್ಞತೆ ಸಾಕು.

ಲ್ಯಾಬ್_ಮೇಡಂ

ನಿಯಮ ಸರಿ ಸರ್. ಆದರೆ ಇಂಟರ್ನಲ್ಸ್ ಮಾರ್ಕ್ಸ್ ಅವರ ಕೈಯಲ್ಲಿದೆ. ಹುಡುಗರೇ ನೇರ ಹೋಗಿ ವಾದ ಮಾಡಿದರೆ ಕಷ್ಟ. ಯಾವ ಭಾಗ ಯಾರು ಮಾಡಿದರು ಅಂತ ಬರೆದು ಕೊಡಬೇಕು ಅಂತ ಎಷ್ಟೋ ಜರ್ನಲ್‌ಗಳು ಕೇಳುತ್ತವೆ. ಆ ಫಾರಂ ಮುಂದಿಟ್ಟು, ಸರ್ ಇದರಲ್ಲಿ ನಿಮ್ಮದು ಏನು ಬರೆಯೋಣ ಅಂತ ಕೇಳಿ. ಮಾತು ಅಲ್ಲಿಂದ ಶುರುವಾದರೆ ಜಗಳ ಆಗುವುದಿಲ್ಲ.

ಇಸಿ_ಫೈನಲ್

ಎಲ್ಲ ಸರಿ, ಒಳ್ಳೆಯ ಜರ್ನಲ್‌ಗೆ ಲಕ್ಷಗಟ್ಟಲೆ ಫೀಸ್ ಅಂತಾರಲ್ಲ? ಅದಕ್ಕೆ ಯಾರು ಕೊಡ್ತಾರೆ?

ಪುಟ_ತಿರುವು

ಓಪನ್ ಆ್ಯಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದದ್ದು) ಆದರೆ ಹೌದು, ಕೆಲವು ಲಕ್ಷ ದಾಟುತ್ತವೆ. ಆದರೆ ದುಡ್ಡು ಕೇಳದ ಒಳ್ಳೆಯ ಜರ್ನಲ್‌ಗಳೂ ಬೇಕಾದಷ್ಟಿವೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ‘ಸಾಧನಾ’ ಎಂಜಿನಿಯರಿಂಗ್ ಜರ್ನಲ್ಲೇ. ಸಾಫ್ಟ್‌ವೇರ್ ಮಾಡಿದ್ದರೆ ‘ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್’ ಉಚಿತ, ಅಲ್ಲಿ ರಿವ್ಯೂ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ, ಓದಿ ಕಲಿಯಬಹುದು. ಫೋಟೋಗಳನ್ನು ಝೆನೋಡೋ ಅನ್ನುವ ಡೇಟಾ ಸಂಗ್ರಹದ ತಾಣದಲ್ಲಿ ಹಾಕಿ. ಉಚಿತ, ಡಿಒಐ ಸಿಗುತ್ತದೆ, ಮುಂದಿನ ಬ್ಯಾಚಿಗೂ ಸಿಗುತ್ತದೆ.

ಒಳ್ಳೆಯ ಕಡೆ ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ. ವೈವಾ ಒಳಗೆ ಆಗುವುದಿಲ್ಲ. ಅದಕ್ಕೆ ‘ಕಳಿಸಿದ್ದೇವೆ’ ಅನ್ನುವ ಪತ್ರ ಸಾಕಾ ಅಂತ ಡಿಪಾರ್ಟ್‌ಮೆಂಟಿನಲ್ಲಿ ಈಗಲೇ ಕೇಳಿಕೊಳ್ಳಿ.

ಮ್ಯೂನಿಕ್_ಕನ್ನಡಿಗ

6ನೇ ಸೆಮ್‌ನವರು ಯಾರಾದರೂ ಓದುತ್ತಿದ್ದರೆ: ವಿಜ್ಞಾನ ಅಕಾಡೆಮಿಗಳ ಸಮ್ಮರ್ ರಿಸರ್ಚ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಬೇರೆಯದು ಇದೆ. ಬೇಸಿಗೆಯಲ್ಲಿ ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೂರಬಹುದು. ಕಾಲೇಜಿನಲ್ಲಿ ಗೈಡ್ ಇಲ್ಲ ಅನ್ನುವವರಿಗೆ ಇದೊಂದು ದಾರಿ. ಹೊರದೇಶಕ್ಕೆ ಅರ್ಜಿ ಹಾಕುವಾಗಲೂ ಹೆಸರಿಲ್ಲದ ಜರ್ನಲ್ ಪೇಪರಿಗಿಂತ, ನಿಮ್ಮ ಕೆಲಸ ನೋಡಿದವರು ಬರೆದ ಒಂದು ಪತ್ರಕ್ಕೆ ಬೆಲೆ ಜಾಸ್ತಿ.

ತೋಟದ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಜನ ಕೂತು ಮಾತಾಡಿದೆವು. ಮೂರು ದಿನದ ಜರ್ನಲ್‌ಗೆ ಕೊಡುವುದಿಲ್ಲ. 71 ಅಂತಲೇ ಬರೆಯುತ್ತೇವೆ. ಸರ್ಕ್ಯುಲರ್ ಕೇಳಿದ್ದೇವೆ, ‘ನೋಡಿ ಹೇಳುತ್ತೇವೆ’ ಅಂದಿದ್ದಾರೆ. ವಿಟ್ಲಕ್ಕೆ ಮೇಲ್ ಹಾಕಿದ್ದೇವೆ. ನಮ್ಮದೇ ಡಿಪಾರ್ಟ್‌ಮೆಂಟಿನ 5ನೇ ಸೆಮ್‌ನ ಇಬ್ಬರು ಹುಡುಗಿಯರು ಮುಂದುವರಿಸುತ್ತೇವೆ ಅಂತ ಬಂದಿದ್ದಾರೆ, ಅವರಿಗೆ ಕೋಡ್ ಕೊಟ್ಟಿದ್ದೇವೆ. ಟೆಸ್ಟ್‌ಗೆ ಇನ್ನೂ ದೂರದ ತೋಟ ಬೇಕಿತ್ತು, ಬೇರೆ ತಾಲೂಕಿನದ್ದು.

ಶಿರಸಿ_ಬೆಳೆಗಾರ

ನಮ್ಮಲ್ಲಿಗೆ ಬನ್ನಿ. ನಾಲ್ಕು ಎಕರೆ ಇದೆ, ಚುಕ್ಕಿ ಬಂದದ್ದೂ ಇದೆ, ಬಾರದ್ದೂ ಇದೆ. ಯಾವ ತಿಂಗಳು ಏನು ಹೊಡೆದೆ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಖಾಸಗಿ ಸಂದೇಶದಲ್ಲಿ ನಂಬರ್ ಕಳಿಸುತ್ತೇನೆ. ಮಳೆ ಕಡಿಮೆಯಾದಮೇಲೆ ಬಂದರೆ ಒಳ್ಳೆಯದು, ಈಗ ಇಂಬಳ ಜಾಸ್ತಿ.

ಮ್ಯೂನಿಕ್_ಕನ್ನಡಿಗ

ಆ ಪುಸ್ತಕದ ಪ್ರತಿ ಪುಟದ್ದೂ ಫೋಟೋ ತೆಗೆದುಕೊಳ್ಳಿ. ಔಷಧಿ ಹೊಡೆದ ತಾರೀಕು ಇರುವ ಡೇಟಾ ಎಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಕೋಲಾರದ_ಹುಡುಗಿ

ಜರ್ನಲ್‌ಗೆ ಮೊದಲೇ ಪೇಪರ್ ಹಾಕುವ ಆರ್‌ಕೈವ್ ತಾಣಕ್ಕೆ ಬಿಇಯವರು ಹಾಕಬಹುದಾ? ಎಂಡೋರ್ಸ್‌ಮೆಂಟ್ ಕೇಳುತ್ತಿದೆ.

ಮ್ಯೂನಿಕ್_ಕನ್ನಡಿಗ

ಹಾಕಬಹುದು, ದುಡ್ಡಿಲ್ಲ. ಮೊದಲ ಸಲ ಹಾಕುವವರಿಗೆ ಅದೇ ವಿಷಯದಲ್ಲಿ ಮೊದಲೇ ಹಾಕಿದ ಒಬ್ಬರು ಒಪ್ಪಿಗೆ ಕೊಡಬೇಕು. ಆದರೆ ಅಲ್ಲಿ ಕಟ್ಟಡ ಸಾಮಗ್ರಿಯ ಪೇಪರ್‌ಗಳು ಕಡಿಮೆ, ನಿಮ್ಮ ಇಟ್ಟಿಗೆಗೆ ಸರಿಯಾದ ವಿಭಾಗ ಸಿಗುವುದು ಕಷ್ಟ. ನೀವು ಜರ್ನಲ್‌ಗೇ ನೇರ ಕಳಿಸಿ. ತೋಟದ_ಹುಡುಗ, ನಿಮ್ಮ ಡ್ರಾಫ್ಟ್ ಆದಮೇಲೆ ನನಗೆ ಕಳಿಸಿ. ಪೂರ್ತಿ ಓದಿ, ಸರಿ ಅನ್ನಿಸಿದರೆ ಎಂಡೋರ್ಸ್ ಮಾಡುತ್ತೇನೆ.